ಶಂಕ್ರಮ್ಮನ ಗಡಿಗೆ

ಮಾನ್ಯ ಅಧ್ಯಕ್ಷರಾದ ಮಲ್ಲಣ್ಣನವರೇ, ಆಸವದ ಪರವಾನಗಿ ಪಟ್ಟಿಗೆ ಇವತ್ತು ಇದೇ ಮೇಜಿನ ಮೇಲೆ ರುಜು ಹಾಕಲು ದಯಮಾಡಿಸಿರುವ ದಾರೋಗಾ ಕರೀಂಸಾಹೇಬರೇ, ಕಲಬುರಗಿಯ ಓಣಿ ಓಣಿಗಳಿಂದಲೂ ದೂರದ ಕಮಲಾಪುರದಿಂದಲೂ ಗಡಿಗೆಗಳನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಬಂದಿರುವ ಅಣ್ಣಂದಿರೇ, ಎಡಗಡೆ ಜಮಖಾನದ ಮೇಲೆ ಕುಳಿತಿರುವ ತಾಯಂದಿರೇ, ಸಭಿಕರೇ,

ಅಧ್ಯಕ್ಷರು ಈಗಷ್ಟೇ ನನ್ನನ್ನು ಹೊಗಳಿದರು. ಖಂಡೆಪ್ಪ ಮಾಸ್ತರರ ನಾಲಿಗೆ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಅವರು ಸನ್ಮಾನಕ್ಕೆ ತಂದ ಶಾಲನ್ನು ನಾನು ಮಡಿಕೆ ಬಿಚ್ಚದೆ ಅವರ ಕೈಗೇ ಹಿಂದಿರುಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡು ನಕ್ಕರು. ವಿನಯವಲ್ಲ, ಅಧ್ಯಕ್ಷರೇ. ನನ್ನಲ್ಲಿ ವಿನಯ ಯಾವತ್ತೂ ಇರಲಿಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ, ಅಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾಳೆ.

ಹೊಸದಾಗಿ ಬಂದವರು ಕೇಳಬಹುದು, ಇದೇನು ಸಭೆ ಎಂದು. ಹಣ್ಣಿಗೆ ಬೆಲ್ಲ ಕೂಡಿಸಿ, ಗಡಿಗೆಯಲ್ಲಿ ಹುಳಿ ಬರಿಸಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಜೋಳ ತುಂಬಿದ ನೆಲದೊಳಗಿನ ಹಗೇವಿನಲ್ಲಿ ಹೂತು, ಎರಡು ವರ್ಷವೋ ಐದು ವರ್ಷವೋ ಬಿಟ್ಟು ತೆಗೆದರೆ ಅದು ನಮ್ಮ ಆಸವ. ಸಾಹೇಬರ ಬಂಗಲೆಗಳಲ್ಲಿ ಇಂಥದ್ದಕ್ಕೇ ವೈನ್ ಎನ್ನುತ್ತಾರಂತೆ. ನಮ್ಮಲ್ಲಿ ಇದು ಔಷಧ. ಬಾಣಂತಿಗೆ ಒಂದು ಚಮಚ, ಮುದುಕರಿಗೆ ಎರಡು ಚಮಚ, ನಮ್ಮ ಅಧ್ಯಕ್ಷರಿಗೆ ಅರ್ಧ ಲೋಟ. ನಗಬೇಡಿ, ಅವರ ಮಂಡಿ ನೋವು ಅಂಥದ್ದು.

ವರ್ಷಕ್ಕೊಮ್ಮೆ ಎಲ್ಲರೂ ಕೂಡಿ, ಯಾರ ಮನೆಯದು ಹೇಗೆ ಮಾಗಿದೆ ಎಂದು ರುಚಿ ನೋಡಿ ಹೋಲಿಸುತ್ತೇವೆ. ಆಟದಂತೆ ಕಾಣುತ್ತದೆ. ಆಟವಲ್ಲ. ಭಟ್ಟಿ ಇಳಿಸಿದ ಸಾರಾಯಿಯನ್ನು ಒಂದು ಹನಿ ಬೆರೆಸಿದರೂ ಆ ಮನೆಯ ಪರವಾನಗಿ ಹೋಗುತ್ತದೆ, ಇದ್ದಬದ್ದ ಗಡಿಗೆಗಳನ್ನೆಲ್ಲ ಒಡೆಯುತ್ತಾರೆ. ಬೆರೆಸಿದ್ದಾರೋ ಇಲ್ಲವೋ ಎಂದು ಹೇಳುವವರು ಯಾರು? ರುಚಿ ನೋಡುವವನು. ಅವನು ಹಿಂದಿನ ಸಂಜೆಯಿಂದ ಎಲೆ ಅಡಿಕೆ ಮುಟ್ಟಬಾರದು, ಬೆಳಗ್ಗೆ ಉಪವಾಸ ಇರಬೇಕು, ಒಂದು ಗಡಿಗೆಗೂ ಇನ್ನೊಂದಕ್ಕೂ ನಡುವೆ ಹುರಿದ ಜೋಳ ಅಗಿಯಬೇಕು. ಆಮೇಲೆ ಅವನ ಬಾಯಿಂದ ಬಂದ ಮಾತಿಗೆ ಎದುರು ಮಾತಿಲ್ಲ. ಹದಿನಾಲ್ಕು ವರ್ಷದಿಂದ ಅವನು ನಾನು.

ನಮ್ಮ ತಂದೆ ವೈದ್ಯರು. ಏಳು ವರ್ಷದವನಿದ್ದಾಗ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಮೂಗಿನ ಹತ್ತಿರ ಡಬ್ಬಿ ಹಿಡಿದು ಇದೇನು ಎಂದು ಕೇಳುತ್ತಿದ್ದರು. ಹಿಪ್ಪಲಿ, ಜೀರಿಗೆ, ಹಳೆ ಬೆಲ್ಲ, ಹೊಸ ಬೆಲ್ಲ, ಎಲ್ಲ ಹೇಳುತ್ತಿದ್ದೆ. ದ್ರಾಕ್ಷಿಯ ಆಸವ ಮೂರನೆಯ ವರ್ಷದ್ದೋ ನಾಲ್ಕನೆಯದೋ ಎಂದು ಗಡಿಗೆಯ ಬಾಯಿ ತೆಗೆಯುತ್ತಲೇ ಹೇಳುತ್ತಿದ್ದೆ. ಸುಳ್ಳಲ್ಲ. ಆ ಮೂಗು ನನಗಿತ್ತು. ಇತ್ತು ಎಂದೆ, ಗಮನಿಸಿದಿರಾ?

ಆರು ವರ್ಷದ ಹಿಂದೆ ಊರಿಗೆ ಊರನ್ನೇ ಮಲಗಿಸಿದ ಆ ದೊಡ್ಡ ಜ್ವರ ಯಾರಿಗೆ ಮರೆತಿದೆ? ನಮ್ಮ ಓಣಿಯಲ್ಲಿ ಹದಿನೇಳು ಮಂದಿ ಹೋದರು. ನಾನು ಉಳಿದೆ. ಎದ್ದು ಕುಳಿತ ಎಂಟನೆಯ ದಿನ ಒಲೆಯ ಪಕ್ಕದಲ್ಲೇ ಕುಳಿತು ಪುಸ್ತಕ ಓದುತ್ತಿದ್ದೆ. ನನ್ನ ಹೆಂಡತಿ ನೀಲಗಂಗಮ್ಮ ಹಿತ್ತಲಿನಿಂದ ಓಡಿ ಬಂದಳು. ಒಲೆಯ ಮೇಲಿನ ಹಾಲು ಉಕ್ಕಿ, ಹೊತ್ತಿ, ಪಾತ್ರೆ ಕರ್ರಗಾಗಿತ್ತು. ಆಕೆ ಪಾತ್ರೆ ನೋಡಿದಳು, ನನ್ನ ಮುಖ ನೋಡಿದಳು. "ನಿಮಗ ವಾಸನಿ ಬರಲಿಲ್ಲೇನ್ರಿ?" ಎಂದಳು. ಇಲ್ಲ. ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ಉಪ್ಪು ತಿಳಿಯುತ್ತದೆ, ಸಿಹಿ ತಿಳಿಯುತ್ತದೆ, ಖಾರ ಉರಿಯುತ್ತದೆ, ಅಷ್ಟೇ. ದ್ರಾಕ್ಷಿಗೂ ಬಾಳೆಹಣ್ಣಿಗೂ ನನಗೆ ಭೇದವಿಲ್ಲ.

ಗದ್ದಲ ಬೇಡ. ದಯವಿಟ್ಟು ಕುಳಿತುಕೊಳ್ಳಿ. ಹೌದು, ಆರು ವರ್ಷದಿಂದ ನಿಮ್ಮ ಗಡಿಗೆಗಳ ರುಚಿ ನೋಡಿದವನು ರುಚಿಯೇ ಇಲ್ಲದವನು.

ಹಾಗಾದರೆ ಬಿಡಬೇಕಿತ್ತಲ್ಲ, ಏಕೆ ಬಿಡಲಿಲ್ಲ? ನಾನೂ ನನ್ನನ್ನು ಕೇಳಿಕೊಂಡಿದ್ದೇನೆ. ನಾನು ಕನ್ನಡ ಅಕ್ಷರ ಕಲಿಸುವ ಖಾಸಗಿ ಶಾಲೆಯ ಮಾಸ್ತರ. ಉರ್ದು ಬಂದರೆ ಕಚೇರಿಯಲ್ಲಿ ಕುರ್ಚಿ ಸಿಗುವ ಈ ಕಾಲದಲ್ಲಿ ನನ್ನನ್ನು ಯಾರು ಕೇಳುತ್ತಿದ್ದರು? ವರ್ಷದಲ್ಲಿ ಒಂದು ದಿನ ಮಾತ್ರ ಸಾಹುಕಾರರು, ಜಾಗೀರದಾರರು, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಆ ಒಂದು ದಿನಕ್ಕೆ ನಾನು ಆಸೆಪಟ್ಟೆ. ನಾಚಿಕೆಯಾಗುತ್ತದೆ, ಆದರೆ ನಿಜ ಇದು.

ಮತ್ತೆ ತೀರ್ಪು ಹೇಗೆ ಹೇಳುತ್ತಿದ್ದೆ? ಮುಖ ನೋಡಿ. ಮಾಡಿದವರೇ ಮಣ್ಣಿನ ಮುದ್ರೆ ಒಡೆಯಬೇಕೆಂಬುದು ನಮ್ಮ ಪದ್ಧತಿಯಲ್ಲವೇ? ಒಡೆಯುವಾಗ ಕೈ ಗಟ್ಟಿಯಾಗಿದ್ದರೆ ಗಡಿಗೆ ಚೆನ್ನಾಗಿದೆ. ಕೈ ನಡುಗಿದರೆ ಏನೋ ಐಬಿದೆ. ಬಟ್ಟಲು ಓರೆ ಮಾಡಿ ಬಣ್ಣ ನೋಡುತ್ತಿದ್ದೆ, ಸುತ್ತ ನಿಂತವರ ಹುಬ್ಬು ನೋಡುತ್ತಿದ್ದೆ. ಐದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಅಧ್ಯಕ್ಷರ ಮನೆಯ ಆಸವಕ್ಕೆ ಎರಡು ಸಲ ಮೊದಲ ಸ್ಥಾನ ಕೊಟ್ಟೆ. ಅವರ ಕೈ ಯಾವತ್ತೂ ನಡುಗುವುದಿಲ್ಲ. ಕ್ಷಮಿಸಿ, ಅಧ್ಯಕ್ಷರೇ.

ಈಗ ಹೋದ ವರ್ಷಕ್ಕೆ ಬರುತ್ತೇನೆ.

ಕಮಲಾಪುರದ ಶಂಕ್ರಮ್ಮನವರು ಮೊದಲ ಸಲ ಇಲ್ಲಿಗೆ ಬಂದಿದ್ದರು. ಗಂಡ ತೀರಿದ ಮೇಲೆ ಬಾಳೆಯ ತೋಟವನ್ನು ತಾವೇ ನಡೆಸುವ ಹೆಣ್ಣುಮಗಳು. ತಮ್ಮೂರ ಕೆಂಪು ಬಾಳೆಹಣ್ಣಿನಿಂದ ಆಸವ ಮಾಡಿದ್ದರು. ಮಗಳು ಲಲಿತಾಬಾಯಿಯ ಮದುವೆಯ ವಾರದಲ್ಲೇ ಹಗೇವಿನಲ್ಲಿ ಹೂತ ಗಡಿಗೆ ಅದು. ಮಗಳ ಚೊಚ್ಚಲ ಬಾಣಂತನಕ್ಕೆ ಇರಲಿ ಎಂದು ಮಾಗಿಸಿದ್ದು, ಅದರಲ್ಲಿ ಸಭೆಗೆಂದು ಒಂದು ಬಟ್ಟಲು. ಅವರು ಇಲ್ಲಿ, ಈ ಮೇಜಿನ ಮುಂದೆ, ಇನ್ನೂರು ಮಂದಿಯ ಎದುರು ನಿಂತು ಮುದ್ರೆ ಒಡೆದರು. ಕೈ ನಡುಗಿತು. ಇನ್ನೂರು ಮಂದಿಯ ಎದುರು ಎಂದೂ ನಿಲ್ಲದ ಹೆಣ್ಣುಮಗಳ ಕೈ ನಡುಗದೆ ಇರುತ್ತದೆಯೇ? ನನಗೆ ಅದು ಹೊಳೆಯಲಿಲ್ಲ. ಕುಡಿದೆ. ಗಂಟಲಿನಿಂದ ಎದೆಯವರೆಗೆ ಉರಿ ಇಳಿಯಿತು. ಕೈ ನಡುಕ, ಗಂಟಲು ಉರಿ. ಎರಡನ್ನೂ ಕೂಡಿಸಿದೆ. ಇದಕ್ಕೆ ಸಾರಾಯಿ ಬೆರೆಸಿದ್ದಾರೆ ಎಂದು ಇದೇ ಜಾಗದಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ.

ಆ ಉರಿ ಒಣ ಶುಂಠಿಯದು. ಬಾಣಂತಿಯ ಆಸವಕ್ಕೆ ಶುಂಠಿ, ಹಿಪ್ಪಲಿ ಎರಡು ಪಟ್ಟು ಹಾಕುತ್ತಾರೆ. ಮೂಗಿದ್ದವನಿಗೆ ಬಟ್ಟಲು ತುಟಿಗೆ ಬರುವ ಮೊದಲೇ ಶುಂಠಿ ತಿಳಿಯುತ್ತಿತ್ತು. ನಾನು ತಪ್ಪು ಮಾಡಿದೆ. ತಿಳಿಯದೆ ಮಾಡಿದ ತಪ್ಪು...

ನನ್ನ ಹೆಂಡತಿ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲ. ಈ ಬೆಳಗ್ಗೆ ಆಕೆ ನನ್ನ ತಲೆಗೆ ಸುತ್ತುವ ಪಟಕಾ ಕೈಗೆ ಕೊಡುತ್ತ ಹೇಳಿದಳು: "ಪೂರಾ ಹೇಳ್ರಿ. ಅರ್ಧಾ ಹೇಳಿ ಕೂತ್ರಿ ಅಂದ್ರ ಉಳಿದದ್ದು ನಾ ಎದ್ದು ನಿಂತು ಹೇಳ್ತೇನಿ." ಹೇಳುತ್ತೇನೆ, ಮಾರಾಯ್ತಿ.

ತಿಳಿಯದೆ ಮಾಡಿದ್ದಲ್ಲ. ಅತ್ತರಿನ ನಬಿಸಾಬರು ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ಕುಡಿಯುವುದಿಲ್ಲ, ಅದು ಅವರ ಧರ್ಮಕ್ಕೆ ಸಲ್ಲದು. ಆದರೆ ಅವರಂಥ ಮೂಗು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ನಾನು ಕೆಳಗಿಟ್ಟ ಖಾಲಿ ಬಟ್ಟಲನ್ನು ಎತ್ತಿ ಮೂಸಿದರು. ನನ್ನ ಕಿವಿಯ ಹತ್ತಿರ ಬಂದು, "ಮಾಸ್ತರ್, ಇದು ಶುಂಠಿ ಅದರಿ. ಸಾರಾಯಿ ಬಿಲ್ಕುಲ್ ಇಲ್ಲ. ಮಾತು ತಿರುಗಿ ತಗೋರಿ," ಎಂದರು. ತೀರ್ಪು ಬರೆದುಕೊಳ್ಳುವ ಬರಹಗಾರ ಇನ್ನೂ ಲೇಖಣಿಯನ್ನು ಮಸಿಯಲ್ಲಿ ಅದ್ದಿರಲಿಲ್ಲ. ಒಂದು ಮಾತು ಸಾಕಿತ್ತು. ಆದರೆ ಮಾತು ತಿರುಗಿಸಿದರೆ, ಶುಂಠಿಯೂ ತಿಳಿಯದ ನಾಲಿಗೆ ಎಂಥದ್ದು ಎಂದು ನೀವು ಕೇಳುತ್ತಿದ್ದಿರಿ. ನಾನು ನಬಿಸಾಬರಿಗೆ, "ನೀವು ಅತ್ತರಿನವರು, ನಿಮ್ಮ ಕೆಲಸ ನೀವು ನೋಡ್ಕೋರಿ," ಎಂದೆ. ಅವರು ಬಟ್ಟಲು ಕೆಳಗಿಟ್ಟು ಹೊರಟು ಹೋದರು. ಅಲ್ಲಿಂದ ಇಲ್ಲಿವರೆಗೆ ನನ್ನೊಂದಿಗೆ ಮಾತಾಡಿಲ್ಲ.

ಮೂರನೆಯ ದಿನ ಕಮಲಾಪುರದಲ್ಲಿ ಶಂಕ್ರಮ್ಮನವರ ಹನ್ನೊಂದು ಗಡಿಗೆ ಒಡೆದರು. ನಿಯಮದಂತೆ ಒಡೆದರು, ಒಡೆದವರ ತಪ್ಪಿಲ್ಲ. ಅವರ ಕೈಗೆ ಕೋಲು ಕೊಟ್ಟದ್ದು ನನ್ನ ಮಾತು. ಅಂಗಳದ ಮಣ್ಣಿನಿಂದ ತಿಂಗಳುಗಟ್ಟಲೆ ಬೆಲ್ಲದ ವಾಸನೆ ಬರುತ್ತಿತ್ತಂತೆ. ಲಿಂಗ ಕಟ್ಟಿದ ಮನೆಯಲ್ಲಿ ಸಾರಾಯಿ ಎಂದ ಮೇಲೆ ನೆಂಟರು ಬರುವುದು ನಿಂತಿತು. ಮಗಳ ಮಾವ, ಕೋಟನೂರಿನ ಸೂಗಪ್ಪನವರು, ಸೊಸೆಯನ್ನು ಪಂಚಮಿಗೂ ತವರಿಗೆ ಕಳಿಸಲಿಲ್ಲ. ಈಗ ಆ ಹುಡುಗಿ ಬಸುರಿ. ಸೀಮಂತದ ಕುಬಸ ಮಾಡಿದರು, ತಾಯಿಯನ್ನು ಕರೆಯಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಎಂಟನೆಯ ತಿಂಗಳು ಹಿಡಿದರೆ ನಮ್ಮಲ್ಲಿ ಬಸುರಿಯನ್ನು ಗಾಡಿ ಹತ್ತಿಸುವುದಿಲ್ಲ. ಇವತ್ತಿಗೆ ಇನ್ನು ಐದು ದಿನ ಉಳಿದಿದೆ.

ಮೊನ್ನೆ ಶಂಕ್ರಮ್ಮನವರು ನಮ್ಮ ಮನೆಗೆ ಬಂದಿದ್ದರು. ನನ್ನನ್ನು ಬಯ್ಯಲು ಬಂದಿದ್ದಾರೆ ಎಂದುಕೊಂಡೆ. ಬಯ್ದಿದ್ದರೆ ಬದುಕುತ್ತಿದ್ದೆ. ಕಟ್ಟೆಯ ಮೇಲೆ ಕುಳಿತು ಆ ತಾಯಿ ಹೀಗೆಂದರು: "ಮಾಸ್ತರ್ರೇ, ನಿಮ್ಮ ನಾಲಿಗಿ ತಪ್ಪಂಗಿಲ್ಲ, ಎಲ್ಲಾರೂ ಅದೇ ಹೇಳ್ತಾರ. ನಾ ಅಂತೂ ಹಾಕಿಲ್ಲ. ಹಗೇವಿನ ಕೋಣಿ ಕೀಲಿ ನನ್ನ ನೆಗೆಣ್ಣಿ ಹಣಮಮ್ಮನ ಹತ್ರಾನೂ ಇತ್ತು. ಅಕೀನೇ ಹಾಕಿರಬೇಕಂತ ಒಂದು ವರ್ಷ ಆತು, ಅಕೀ ಕೂಡ ಮಾತು ಬಿಟ್ಟೀನಿ. ಗಡಿಗಿ ಹೋದ್ರ ಹೋಗಲಿ. ನನ್ನ ಮಗಳನ್ನ ಕಳಸೂವಂಗ ಸೂಗಪ್ಪಣ್ಣಗ ಒಂದು ಮಾತು ಹೇಳ್ರಿ. ನೀವು ಹೇಳಿದ್ರ ನಂಬತಾರ."

ಕೇಳಿದಿರಾ? ನನ್ನ ನಾಲಿಗೆಯನ್ನು ನಂಬಿದ್ದಕ್ಕೆ ಆಕೆ ಒಂದೇ ಅಂಗಳದಲ್ಲಿರುವ ಓರಗಿತ್ತಿಯನ್ನು ಕಳ್ಳಿ ಎಂದುಕೊಂಡರು. ಇಬ್ಬರು ಹೆಂಗಸರು ಒಂದೇ ಬಾವಿಯಲ್ಲಿ ನೀರು ಸೇದುತ್ತ ಒಂದು ವರ್ಷ ಮುಖ ತಿರುಗಿಸಿಕೊಂಡು ಬದುಕಿದರು. ನಾನು ಮೊನ್ನೆಯೂ ಬಾಯಿ ಬಿಡಲಿಲ್ಲ. ನೋಡೋಣ ತಾಯಿ ಎಂದೆ. ಒಳಗಿನಿಂದ ನೀಲಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೆಳಗ್ಗೆ ಪಟಕಾ ಕೊಡುವಾಗ ಆ ಮಾತು ಆಡಿದ್ದು ಅದಕ್ಕೇ.

ಆದ್ದರಿಂದ ಈಗ, ಫಸಲಿ ವರ್ಷ ಸಾವಿರದ ಮುನ್ನೂರ ಮೂವತ್ತಮೂರರ ಈ ಸಭೆಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಶಂಕ್ರಮ್ಮನವರ ಗಡಿಗೆಯಲ್ಲಿ ಸಾರಾಯಿ ಇರಲಿಲ್ಲ. ಹಣಮಮ್ಮನವರು ಏನನ್ನೂ ಹಾಕಲಿಲ್ಲ. ಸುಳ್ಳು ಇದ್ದದ್ದು ನನ್ನ ಬಾಯಲ್ಲಿ. ಸಾಕ್ಷಿ ನಬಿಸಾಬರು. ಅವರು ಕಂಬದ ಹತ್ತಿರ ಎದ್ದು ನಿಂತಿದ್ದಾರೆ, ಎದೆಯ ಮೇಲೆ ಕೈ ಇಟ್ಟುಕೊಂಡು ತಲೆ ಆಡಿಸುತ್ತಿದ್ದಾರೆ. ನಬಿಸಾಬ್, ನಿಮಗೆ ಆಡಿದ ಮಾತಿಗೆ ಇವತ್ತು ಕೈ ಮುಗಿಯುತ್ತೇನೆ.

ದಾರೋಗಾ ಸಾಹೇಬರೇ, ಆ ಪಟ್ಟಿಗೆ ರುಜು ಹಾಕುವ ಮೊದಲು ಕಮಲಾಪುರದ ಶಂಕ್ರಮ್ಮನವರ ಹೆಸರನ್ನು ಸೇರಿಸಬೇಕೆಂದು ಬೇಡುತ್ತೇನೆ. ಸುಳ್ಳು ಹೇಳಿದವನಿಗೆ ಏನು ಶಿಕ್ಷೆಯೋ ಅದನ್ನು ನನಗೆ ಕೊಡಿ, ನಾನು ಎಲ್ಲಿಗೂ ಓಡುವುದಿಲ್ಲ. ಸಾಹೇಬರು ಲೇಖಣಿ ಎತ್ತಿದರು. ಬರೆಯುತ್ತಿದ್ದಾರೆ. ಬರೆದರು. ಶುಕ್ರಿಯಾ, ಸಾಹೇಬ್.

ಸೂಗಪ್ಪನವರೇ, ನೀವು ಮೂರನೆಯ ಸಾಲಿನಲ್ಲಿದ್ದೀರಿ, ನನಗೆ ಕಾಣುತ್ತಿದೆ. ತಲೆ ತಗ್ಗಿಸಬೇಡಿ. ನೀವು ನಂಬಿದ್ದು ನನ್ನ ಮಾತನ್ನು, ತಪ್ಪು ನನ್ನದು. ಆದರೆ ಇನ್ನು ನಂಬಿದರೆ ತಪ್ಪು ನಿಮ್ಮದಾಗುತ್ತದೆ. ಆ ಹುಡುಗಿಯನ್ನು ಕಳಿಸುತ್ತೀರೋ ಇಲ್ಲವೋ? ಈ ಸಭೆಯ ಮುಂದೆ ಹೇಳಿ. ಐದು ದಿನ ಎಂದೆ. ಅದರಲ್ಲಿ ಇವತ್ತಿನದು ಆಗಲೇ ಅರ್ಧ ಹೋಯಿತು.

ತಾಯಂದಿರ ಕಡೆ ಏನದು? ಶಂಕ್ರಮ್ಮನವರು ಎದ್ದಿದ್ದಾರೆ. ದಾರಿ ಬಿಡಿ, ದಾರಿ ಬಿಡಿ ಅವರಿಗೆ. ತಾಯಿ, ನಾನು ನಿಮ್ಮ ಹತ್ತಿರ ಕ್ಷಮೆ... ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ದಾಟಿದರು. ಸರಿ, ನೋಡಬೇಕಾಗಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ.

ಕಿಟಕಿಯ ಹತ್ತಿರ ಇರುವವರು ಹೇಳಿ, ಕಮಲಾಪುರದ ಗಾಡಿ ಹತ್ತಿದರೇ? ಇಲ್ಲವೇ? ನಡೆಯುತ್ತಿದ್ದಾರೆಯೇ? ಯಾವ ಕಡೆ?

ಸೂಗಪ್ಪನವರೇ, ಕುಳಿತಿದ್ದೀರೇಕೆ? ಆಕೆ ಕೋಟನೂರಿನ ದಾರಿ ಹಿಡಿದಿದ್ದಾರೆ. ಮಗಳನ್ನು ಕರೆತರಲು ಹೊರಟ ತಾಯಿ ನಿಮ್ಮ ಎತ್ತುಗಳಿಗಿಂತ ಮೊದಲೇ ನಿಮ್ಮ ಮನೆ ಮುಟ್ಟುತ್ತಾರೆ. ಹೋಗಿ, ಗಾಡಿ ಹೂಡಿ, ದಾರಿಯಲ್ಲೇ ಹತ್ತಿಸಿಕೊಳ್ಳಿ. ಹಾಂ, ಎದ್ದರು. ಹೊರಟರು.

ಇಷ್ಟು ಹೊತ್ತು ಕಲ್ಲು ಎಸೆಯದೆ ನನ್ನ ಮಾತು ಕೇಳಿದ ನಿಮಗೆಲ್ಲ ನಾನು ಋಣಿ. ಇವತ್ತಿನ ಗಡಿಗೆಗಳ ಮುದ್ರೆ ಇನ್ನೂ ಒಡೆದಿಲ್ಲ. ರುಚಿ ನೋಡಲು ಬೇರೆ ಯಾರನ್ನಾದರೂ ಕರೆಯಿರಿ. ನಮಸ್ಕಾರ.