ಆರನೆಯ ಗಂಟು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಸಂಜೆ ಆರಾದರೂ ಬಿಡುವ ಲಕ್ಷಣ ತೋರಲಿಲ್ಲ. ಅತ್ತೆಯ ಗ್ಯಾರೇಜಿನ ಷಟರು ಅರ್ಧಕ್ಕೆ ಇಳಿದಿತ್ತು. ಅದರ ಕೆಳಗಿನಿಂದ ಬೀದಿಯ ನೀರು ಮಾತ್ರ ಕಾಣುತ್ತಿತ್ತು. ಎಣ್ಣೆಯ ಬಣ್ಣಗಳನ್ನು ಹೊತ್ತುಕೊಂಡು ಅದು ಯಾವುದೋ ತುರ್ತು ಕೆಲಸವಿದ್ದಂತೆ ಓಡುತ್ತಿತ್ತು. ಒಳಗೆ ಹಳೆಯ ಕಾರೊಂದು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಅದರೊಳಗೆ ಇಳಿಬಿಟ್ಟ ಕೈದೀಪದ ಬೆಳಕಿನಲ್ಲಿ ನಾಲ್ಕು ಜನ ಚಹದ ಲೋಟ ಹಿಡಿದು ಕುಳಿತಿದ್ದರು.

ಕಾರು ನರ್ಸಿನದು. ಗ್ಯಾರೇಜು ಅವಳ ಸೋದರತ್ತೆಯದು, ಅಂದರೆ ತೀರಿಹೋದ ಅಪ್ಪನ ತಂಗಿಯದು. ಅರವತ್ತೇಳು ವರ್ಷದ ಅತ್ತೆ ಊರಿನ ಅರ್ಧ ಗಾಡಿಗಳ ವೈರಿಂಗನ್ನು ತನ್ನ ಕೈಯಲ್ಲೇ ಕಟ್ಟಿದವಳು. ನರ್ಸಿನ ಗಂಡ ಬಸ್ಸಿನ ಡ್ರೈವರು. ಹೆಂಡತಿಯನ್ನು ಕರೆದೊಯ್ಯಲು ಬಂದು ಮಳೆಗೆ ಸಿಕ್ಕಿಬಿದ್ದಿದ್ದ. ನಾಲ್ಕನೆಯವನು ಪಕ್ಕದ ಶೆಡ್ಡಿನ ತಗಡು ಕೆಲಸದವನು. ಬೆಳಗಿನಿಂದ ಸಂಜೆಯವರೆಗೆ ಡಬಡಬ ಬಡಿಯುವ ಅವನನ್ನು ಎಲ್ಲರೂ ಡಬ್ಬಣ್ಣ ಎಂದೇ ಕರೆಯುತ್ತಿದ್ದರು.

ನರ್ಸು ಹೆಚ್ಚು ಮಾತಾಡುವವಳಲ್ಲ. ಗುಡ್ಡದಾಚೆಯ ಊರುಗಳ ಹೆರಿಗೆಗಳಿಗೆಲ್ಲ ಅವಳೊಬ್ಬಳೇ ದಿಕ್ಕು. ಗುಡ್ಡದ ಮೇಲೆ ಮಂಜು ಹೆಚ್ಚೆಂದು ಕಾರಿನ ಮುಂದಿನ ಮಂಕಾದ ದೀಪಗಳನ್ನು ತೆಗೆಸಿ ಎರಡು ಹೊಸ ಹಳದಿ ದೀಪ ಯಾವುದೋ ಅಂಗಡಿಯಲ್ಲಿ ಹಾಕಿಸಿಕೊಂಡಿದ್ದಳು. ಅತ್ತೆಗೆ ತೊಂದರೆ ಕೊಡಬಾರದು ಎಂಬ ಸಂಕೋಚ. ಆ ಅಂಗಡಿಯವನು ಹಳೆಯ ವೈರು ಕಿತ್ತು, ಹೊಸ ವೈರುಗಳನ್ನು ಕೈಯಲ್ಲೇ ಹೊಸೆದು ಒಳಗೆ ತುರುಕಿ ಕಳಿಸಿದ್ದ. ಹೋದ ತಿಂಗಳು ಗುಡ್ಡದ ನಡುವೆ ಡ್ಯಾಶ್‌ಬೋರ್ಡಿನಡಿಯಿಂದ ಹೊಗೆ ಬಂದು ಇದ್ದ ದೀಪಗಳೆಲ್ಲ ಒಟ್ಟಿಗೇ ಆರಿದವು. ಹಿಂದಿನ ಸೀಟಿನಲ್ಲಿ ನೋವು ತಿನ್ನುತ್ತಿದ್ದ ಹೆಂಗಸು. ಆಕೆಯ ತಾಯಿ ಕಿಟಕಿಯಿಂದ ಟಾರ್ಚು ಹಿಡಿದಳು, ನರ್ಸು ಆ ಬೊಗಸೆಯಷ್ಟು ಬೆಳಕಿನಲ್ಲೇ ಗುಡ್ಡ ಇಳಿಸಿದಳು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಅಂದಿನಿಂದ ನರ್ಸು ಗುಡ್ಡದ ಮೊದಲನೇ ತಿರುವು ದಾಟಿರಲಿಲ್ಲ, ಹೆದರಿ ರಜೆ ಹಾಕಿದ್ದಳು. ರಜೆ ಇವತ್ತಿಗೆ ಮುಗಿಯುತ್ತಿತ್ತು. ನಾಳೆ ಬೆಳಿಗ್ಗೆ ಗುಡ್ಡ ಹತ್ತಬೇಕು. ಆಗುವುದಿಲ್ಲ, ಬೇರೆ ಕಡೆ ಹಾಕಿ ಎಂದು ಬರೆದ ಕಾಗದ ಅವಳ ಚೀಲದಲ್ಲಿತ್ತು. ಅದನ್ನು ಅವಳು ಗಂಡನಿಗೂ ತೋರಿಸಿರಲಿಲ್ಲ.

ಡ್ರೈವರು ಬಾನೆಟ್ಟಿನೊಳಗೆ ಇಣುಕಿದ. ಅಂಗಡಿಯವನ ಕೆಲಸವನ್ನೆಲ್ಲ ಕಿತ್ತೊಗೆದು ಅತ್ತೆ ಹೊಸದಾಗಿ ಎಳೆದ ವೈರುಗಳು ಒಂದೇ ಕಟ್ಟಾಗಿ, ಮೇಣದ ದಾರದಲ್ಲಿ ಗಂಟು ಗಂಟಾಗಿ ಬಿಗಿದುಕೊಂಡು, ಗೋಡೆಯ ಮೇಲಿನ ಇರುವೆ ಸಾಲಿನಷ್ಟು ನೇರವಾಗಿ ಸಾಗಿದ್ದವು.

"ಜಡೆ ಹೆಣೆದ ಹಾಗೆ ಕಟ್ಟಿದ್ದೀರಲ್ಲ ಅತ್ತೆ," ಎಂದ ಅವನು. "ಬಾನೆಟ್ ಮುಚ್ಚಿದ ಮೇಲೆ ಇದನ್ನ ಯಾರು ನೋಡ್ತಾರೆ?"

ಅತ್ತೆ ಲೋಟದೊಳಗೆ ಊದಿದಳು. "ನೋಡೋನು ಒಬ್ಬ ಇದ್ದಾನಪ್ಪ."

ಆ ಮಾತಿನ ಧಾಟಿ ಡಬ್ಬಣ್ಣನಿಗೆ ಗೊತ್ತಿತ್ತು. ಅವನು ತನ್ನ ಸ್ಟೂಲನ್ನು ಎಳೆದುಕೊಂಡು ಹತ್ತಿರ ಬಂದ. ಅತ್ತೆ ನರ್ಸಿನ ಕಡೆ ಒಂದು ಸಲ ನೋಡಿ ಶುರುಮಾಡಿದಳು.

"ನಿಮ್ಮಪ್ಪ ವೈರು ಕಟ್ಟೋದನ್ನ ನೀನು ನೋಡಿಲ್ಲ ಮಗಳೇ, ಅವನು ಹೋದಾಗ ನಿನಗೆ ಮೂರು ತಿಂಗಳು... ಟೇಪು ಸುತ್ತೋದು ಅಂದ್ರೆ ಅವನಿಗೆ ಆಗ್ತಾನೇ ಇರ್ಲಿಲ್ಲ, ಇಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಕೊಳ್ಳುತ್ತೆ, ಅದು ಸೋಮಾರಿಗಳ ಬ್ಯಾಂಡೇಜು ಅಂತಿದ್ದ. ಅವನದ್ದು ಮೇಣ ತಿಕ್ಕಿದ ದಾರ, ಕಿವೀಲಿ ಯಾವಾಗ್ಲೂ ಒಂದು ಪೆನ್ಸಿಲ್. ಕಟ್ತಾ ಕಟ್ತಾ ನಮ್ಮಮ್ಮ ಹೇಳ್ಕೊಟ್ಟ ದೇವರ ಷಟ್ಪದೀನ ಗುನುಗೋನು, ಒಂದು ಸಾಲು ಮುಗೀತು ಅಂದ್ರೆ ಒಂದು ಗಂಟು. ಷಟ್ಪದೀಲಿ ಏನಿರುತ್ತೆ ಹೇಳು? ಎರಡು ಗಿಡ್ಡ ಸಾಲು, ಮೂರನೇದು ಉದ್ದ, ಮತ್ತೆ ಎರಡು ಗಿಡ್ಡ, ಆರನೇದು ಉದ್ದ. ಅವನ ಗಂಟುಗಳೂ ಹಂಗೇ ಬೀಳೋವು, ಹತ್ತಿರ, ಹತ್ತಿರ, ದೂರ... ಹತ್ತಿರ, ಹತ್ತಿರ, ದೂರ. ಕಣ್ಣು ಮುಚ್ಚಿ ವೈರಿನ ಮೇಲೆ ಕೈಯಾಡಿಸಿದ್ರೆ ಸಾಕು, ಇದು ಅಣ್ಣನ ಕೈ ಅಂತ ಗೊತ್ತಾಗೋದು."

ನರ್ಸಿಗೆ ಆ ಪದ್ಯ ಬರುತ್ತಿತ್ತು. ಅಪ್ಪ ಬಿಟ್ಟುಹೋದದ್ದರಲ್ಲಿ ಅವಳ ಪಾಲಿಗೆ ಉಳಿದದ್ದು ಅದೊಂದೇ. ಅತ್ತೆ ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿ ಹೇಳಿ ಕಲಿಸಿದ್ದಳು. ಹೆರಿಗೆಯ ಕೋಣೆಯಲ್ಲಿ ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಅವಳು ಗಡಿಯಾರ ನೋಡುತ್ತಿರಲಿಲ್ಲ, ಮನಸ್ಸಿನಲ್ಲೇ ಆ ಪದ್ಯ ಹೇಳಿಕೊಳ್ಳುತ್ತಿದ್ದಳು. ಅದು ಗಂಟುಗಳ ಅಳತೆಯೂ ಆಗಿತ್ತೆಂದು ಅವಳಿಗೆ ತಿಳಿದದ್ದು ಈಗಲೇ.

"ನನ್ನ ಕೆಲಸ ಏನು ಗೊತ್ತಾ? ಬೆರಳು ಇಡೋದು. ದಾರದ ಮೊದಲನೇ ಸುತ್ತು ಎಳೆದ ಮೇಲೆ ಅದರ ಮೇಲೆ ಯಾರಾದ್ರೂ ಬೆರಳು ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಮೇಣದ ದಾರ ಜಾರಿ ಸಡಿಲ ಆಗುತ್ತೆ. ಸಾಲಿನ ಮಧ್ಯೆ, ರಾಗ ಕೂಡ ಕೆಡಿಸದೆ, 'ಬೆರಳು' ಅನ್ನೋನು, ನಾನು ಇಡ್ತಿದ್ದೆ. ಹತ್ತು ವರ್ಷ ಇಟ್ಟೆ... ಆಮೇಲೆ ಅವನಿಗೆ ಜ್ವರ ಬಂತು, ಎದೆಗಿಳೀತು, ಒಂಬತ್ತೇ ದಿನ. ಹೋದ. ಒಂದು ತಿಂಗಳ ಮೇಲಾದ್ರೂ ಈ ಷಟರು ಮೇಲೇಳಲಿಲ್ಲ.

"ಎದ್ದ ದಿನ ಮೊದಲು ಬಂದೋರು ಶಾಲೆಗೆ ಆಗ ಹೊಸದಾಗಿ ಬಂದಿದ್ದ ಟೀಚರಮ್ಮ, ಇದೇ ಕಾರು ತಗೊಂಡು. ಹೌದಪ್ಪ, ಇದೇ. ವಯಸ್ಸಾದ ಮೇಲೆ ಅವರೇ ಇವಳಿಗೆ ಕೊಟ್ಟಿದ್ದು. ಮುಂದಕ್ಕೆ ಎರಡು ಹಳದಿ ದೀಪ ಬೇಕು, ಮಾರನೇ ದಿನ ಬೆಳಕು ಹರಿಯೋ ಮುಂಚೆ ನಾಲ್ಕು ಮಕ್ಕಳನ್ನ ಗುಡ್ಡದಾಚೆ ಪರೀಕ್ಷೆಗೆ ಕರ್ಕೊಂಡು ಹೋಗ್ಬೇಕು ಅಂದ್ರು. ಒಬ್ಬಳೇ ಕೂತೆ. ದೀಪ ಕೂರಿಸಿದೆ, ದೀಪಕ್ಕೆ ಕರೆಂಟು ಬಿಡೋ ರಿಲೇ ಹಾಕಿದೆ, ಅರ್ತಿಂಗ್ ಕೊಡೋ ಜಾಗದಲ್ಲಿ ಬಣ್ಣ ಕೆರೆದು ತಗಡು ಹೊಳೆಯೋ ಹಂಗೆ ಮಾಡಿದೆ. ಬ್ಯಾಟರಿ ವೈರನ್ನ ಇಂಜಿನ್‌ಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನ ತೂತಲ್ಲಿ ಒಳಗೆ ಎಳೆದೆ, ಟೀಚರಮ್ಮನ ಕೈಗೆ ಸಿಗ್ಲಿ ಅಂತ ಫ್ಯೂಸನ್ನೂ ಒಳಗೇ ಇಟ್ಟೆ. ಆ ತೂತಿಗೆ ಬಳೆ ಥರದ ರಬ್ಬರ್ ಬುಷ್ ಹಾಕ್ಬೇಕು, ಇಲ್ಲಾಂದ್ರೆ ತಗಡಿನ ಅಂಚು ವೈರನ್ನ ಕೊಯ್ಯುತ್ತೆ. ಒಂದು ಕಡೆ ಸೀಳಿರೋ ಬುಷ್ಷು, ವೈರು ಎಳೆದ ಮೇಲೂ ಕೂರುತ್ತೆ, ಕೊನೇಲಿ ಹಾಕಿದ್ರಾಯ್ತು ಅಂತ ಜೇಬಲ್ಲಿ ಇಟ್ಕೊಂಡೆ. ಆಮೇಲೆ ದಾರ ತಗೊಂಡೆ... ಮೊದಲನೇ ಸುತ್ತು ಎಳೆದು, 'ಬೆರಳು' ಅನ್ನೋಕೆ ಬಾಯಿ ತೆರೆದೆ. ಯಾರಿದ್ದಾರೆ ಇಡೋಕೆ?"

ಡ್ರೈವರು ತಮಾಷೆಗೆಂದು ಬಾಯಿಗೆ ಬಂದದ್ದನ್ನು ಚಹದ ಜೊತೆ ನುಂಗಿಕೊಂಡ.

"ದಾರ ಎಸೆದೆ. ಕಣ್ಣು ಕಾಣಿಸದಷ್ಟು ಅತ್ತು, ಟೇಪು ಸುತ್ತಿ, ಬಾನೆಟ್ಟು ಮುಚ್ಚಿ ಕಳಿಸಿಬಿಟ್ಟೆ. ಮಾರನೇ ದಿನ ಬಿಸಿಲು ಬಂದ ಮೇಲೆ ಕೆಲಸದ ಬಟ್ಟೆ ಒಗೆಯೋಕೆ ಕೂತು ಜೇಬಿಗೆ ಕೈ ಹಾಕ್ತೀನಿ... ಬುಷ್ಷು. ನೀನೇ ಹೇಳಪ್ಪ, ಡ್ರೈವರು ನೀನು, ಗುಡ್ಡದ ರಸ್ತೇಲಿ ಕಾರು ಎಷ್ಟು ಕುಲುಕುತ್ತೆ? ಆ ತಗಡು ವೈರನ್ನ ಕೊಯ್ಯೋಕೆ ಎಷ್ಟು ಹೊತ್ತು ಬೇಕು? ಕೊಯ್ದು ತಾಮ್ರ ತಗಡಿಗೆ ತಾಗಿದ್ರೆ ಉಳಿಸೋಕೆ ಫ್ಯೂಸೂ ಇಲ್ಲ, ಅದನ್ನ ತೂತಿನ ಆಚೆಗೆ ಇಟ್ಟಿದ್ದೆನಲ್ಲ ಜಾಣೆ ನಾನು. ಬ್ಯಾಟರಿ ಪೂರ್ತಿ ಆ ವೈರಲ್ಲಿ ಹರಿದು ಬೆಂಕಿ, ಒಳಗೆ ನಾಲ್ಕು ಮಕ್ಕಳು. ಓಡ್ದೆ. ಟೀಚರಮ್ಮನ ಮನೆಗೆ ಬೀಗ. ಎಲ್ಲಿಗೆ ಹೋಗ್ಲಿ, ಯಾರಿಗೆ ಹೇಳ್ಲಿ? ವಾಪಸ್ ಬಂದು ಅದೋ ಆ ಷಟರ್ ಹತ್ರ ಕೂತೆ, ಬುಷ್ಷು ಮುಷ್ಟೀಲಿ ಹಿಡ್ಕೊಂಡು. ಊಟ ಇಲ್ಲ, ನೀರಿಲ್ಲ. ದೂರದಲ್ಲಿ ಯಾವ ಗಾಡಿ ಶಬ್ದ ಆದ್ರೂ ಎದ್ದು ನಿಂತು ನೋಡ್ತಿದ್ದೆ.

"ನಾಲ್ಕು ಗಂಟೆಗೆ ಹಾರ್ನ್ ಕೇಳ್ತು. ಟೀಚರಮ್ಮ. ಹಿಂದುಗಡೆ ನಾಲ್ಕೂ ಮಕ್ಕಳು ಒಂದರ ಮೇಲೊಂದು ಬಿದ್ಕೊಂಡು ನಿದ್ದೆ. ನನ್ನ ಎದೆ ಮೇಲಿದ್ದ ಬಂಡೆ ಯಾರೋ ಎತ್ತಿಟ್ಟ ಹಂಗಾಯ್ತು ಕಣೇ... ಟೀಚರಮ್ಮ ಇಳಿದೋರೇ, ನಿಮ್ಮ ಗ್ಯಾರೇಜಿನೋರು ಎಷ್ಟು ಒಳ್ಳೆಯವರಮ್ಮ ಅಂದ್ರು. ಯಾರು ಅಂದೆ. ಮೂರನೇ ತಿರುವಲ್ಲಿ, ಆ ಮಂಜಲ್ಲಿ, ಕಿವಿಗೆ ಪೆನ್ಸಿಲ್ ಸಿಕ್ಕಿಸ್ಕೊಂಡು ಒಬ್ಬರು ನಿಂತಿದ್ರು, ಕೈ ಅಡ್ಡ ಹಾಕಿದ್ರು, ಒಂದು ಸಣ್ಣ ಕೆಲಸ ಬಾಕಿ ಉಳಿದಿದೆ ಅಂದು ಬಾನೆಟ್ಟು ತೆಗೆಸಿದ್ರು, ಏನೋ ಪದ್ಯ ಗುನುಗ್ತಾ ಇದ್ರು, ನನ್ನನ್ನೇ ಬೆರಳು ಇಡಿ ಅಂದ್ರು, ಪಾಪ ಮಂಜಲ್ಲಿ ನಿಂತು ನಿಂತು ಅವರ ಕೈ ಎಷ್ಟು ತಣ್ಣಗಾಗಿತ್ತು ಅಂತ... ಅಣ್ಣ ಹೋಗಿ ಆಗ ನಲವತ್ತು ದಿನ ಆಗಿತ್ತು.

"ಬಾನೆಟ್ಟು ಎತ್ತಿದೆ. ನನ್ನ ಟೇಪು ಒಂದು ಚೂರೂ ಇಲ್ಲ. ಫ್ಯೂಸು ಬ್ಯಾಟರಿ ಪಕ್ಕಕ್ಕೆ ಬಂದಿದೆ. ತೂತಲ್ಲಿ ಬುಷ್ಷು ಕೂತಿದೆ... ನನ್ನ ಬುಷ್ಷು ನನ್ನ ಮುಷ್ಟೀಲೇ ಇದೆ. ಹಂಗಾದ್ರೆ ಅದೆಲ್ಲಿಂದ ಬಂತು? ದಾರದ ಮೇಲೆ ಕೈಯಾಡಿಸ್ದೆ. ಹತ್ತಿರ, ಹತ್ತಿರ, ದೂರ. ಹತ್ತಿರ, ಹತ್ತಿರ... ಆರನೇ ಗಂಟು ಇಲ್ಲ. ದಾರ ಒಂದು ಗೇಣು ಸುಮ್ನೆ ಇಳಿಬಿದ್ದಿದೆ. ಅದನ್ನ ನನ್ನ ತಂಗಿ ಕಟ್ಟಲಿ ಅಂತ ಟೀಚರಮ್ಮನಿಗೆ ಅಂದಿದ್ನಂತೆ. ಕಟ್ಟಿದೆ. ಮೊದಲನೇ ಸುತ್ತು ಎಳೆದೆ, ಮೇಲೆ ಯಾರ ಬೆರಳೂ ಇಲ್ಲ. ದಾರ ಒಂದು ಕೂದಲೆಳೆಯಷ್ಟೂ ಜಾರ್ಲಿಲ್ಲ... ಅವತ್ತಿಂದ ನಾನು ಟೇಪು ಮುಟ್ಟಿಲ್ಲ."

ಡಬ್ಬಣ್ಣ ಲೋಟ ಕೆಳಗಿಟ್ಟ. "ನಾನೂ ಸತ್ತ ಮೇಲೆ ಬಂದು ನಿನ್ನ ಈ ಷಟರಿನ ತಗ್ಗು ಬಡಿದು ಕೊಡ್ತೀನಿ ಬಿಡಕ್ಕ."

"ಬದುಕಿರೋವಾಗ ಹತ್ತು ಸಲ ಕರೆದ್ರೂ ಬರಲ್ಲ ನೀನು, ಸತ್ತ ಮೇಲೆ ಬರ್ತೀಯಾ?"

ಎಲ್ಲರೂ ನಕ್ಕರು. ನರ್ಸು ನಗಲಿಲ್ಲ. ಅವಳು ಎದ್ದು ಕೈದೀಪದ ಹತ್ತಿರ ಹೋಗಿದ್ದಳು. ಗಂಟುಗಳ ಮೇಲೆ ಬೆರಳಾಡಿಸಿದಳು. ಹತ್ತಿರ, ಹತ್ತಿರ, ದೂರ. ಸಾಲು ಸಾಲಾಗಿ, ತಪ್ಪಿಲ್ಲದೆ. ಬಲಗಡೆಯ ದೀಪದ ಬಳಿ ಕೊನೆಯ ಪದ್ಯದ ಐದನೆಯ ಗಂಟು ಮುಗಿದು ದಾರ ಒಂದು ಗೇಣು ಇಳಿಬಿದ್ದಿತ್ತು. ಅವಳು ತಿರುಗಿ ಅತ್ತೆಯ ಕೈ ನೋಡಿದಳು. ಗಿಣ್ಣುಗಳು ಊದಿ, ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಎರಡು ವರ್ಷದಿಂದ ಅತ್ತೆಯ ಸ್ವೆಟರಿನ ಗುಂಡಿ ಹಾಕಿಕೊಡುತ್ತಿದ್ದವಳು ಅವಳೇ. ಇವತ್ತು ಮಧ್ಯಾಹ್ನವೆಲ್ಲ ಈ ಗ್ಯಾರೇಜಿನಲ್ಲಿ ಅತ್ತೆಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಅದನ್ನ ನೀನು ಕಟ್ಟು," ಎಂದಳು ಅತ್ತೆ.

ಡ್ರೈವರು ಬೆರಳು ಇಡಲು ಎದ್ದ. ನೀನು ಕೂತ್ಕೋ ಅಂತ ಅತ್ತೆ ಕಣ್ಣಲ್ಲೇ ಹೇಳಿದಳು.

ನರ್ಸು ದಾರ ಹಿಡಿದಳು. ಪದ್ಯದ ಆರನೆಯ ಸಾಲು, ಆ ಉದ್ದನೆಯ ಸಾಲು, ತುಟಿಯ ಮೇಲೆ ತಾನಾಗಿ ಬಂತು. ಮೊದಲನೆಯ ಸುತ್ತು ಎಳೆದು ಕೈ ಸಡಿಲಿಸಿದಳು. ದಾರ ಜಾರಲಿಲ್ಲ. ಎರಡನೆಯ ಸುತ್ತು ಹಾಕಲು ಬೆರಳನ್ನು ಗಂಟಿನ ಮೇಲೆ ಒಯ್ದವಳು ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಮೆಲ್ಲಗೆ, ಯಾರಿಗೂ ನೋವಾಗದಂತೆ, ಗಂಟು ಬಿಗಿದಳು.

ಬೆರಳಿಗೆ ಅಂಟಿದ ಮೇಣ ಒರೆಸಿಕೊಳ್ಳಲು ಚೀಲದಲ್ಲಿ ಕೈಗೆ ಸಿಕ್ಕಿದ್ದು ಆ ಕಾಗದ. ಅದರಲ್ಲೇ ಚೆನ್ನಾಗಿ ಒರೆಸಿ, ಮುದುರಿ, ಅಂಗಡಿಯವನ ಸುಟ್ಟ ವೈರುಗಳಿದ್ದ ಡಬ್ಬಕ್ಕೆ ಹಾಕಿದಳು. ಸ್ವಿಚ್ಚು ಒತ್ತಿದಾಗ ಎರಡು ಹಳದಿ ದೀಪಗಳು ಷಟರಿನ ಕೆಳಗಿನಿಂದ ಹೊರಟು ಬೀದಿಯ ನೀರಿನ ಮೇಲೆ ಉದ್ದಕ್ಕೆ ಹಾಸಿಕೊಂಡವು. ಒಂದು ತಿಂಗಳಿಂದ ಒಳಗೆ ಹಿಡಿದಿಟ್ಟಿದ್ದ ಉಸಿರು ಅವಳಿಂದ ಹೊರಗೆ ಬಂತು. ಏನೆಂದು ತಿಳಿಯದಿದ್ದರೂ ಡ್ರೈವರು ಅವಳ ಮುಖ ನೋಡಿ ಹಗುರಾದ.

ಅತ್ತೆ ಎರಡೂ ಕೈಯಲ್ಲಿ ಲೋಟ ಹಿಡಿದು ಕುಳಿತೇ ಇದ್ದಳು.

"ತಣ್ಣಗಿತ್ತಾ?" ಎಂದು ಕೇಳಿದಳು.

ನರ್ಸು ಹೌದೆಂದು ತಲೆಯಾಡಿಸಿದಳು.

"ಮತ್ತೆ... ಮಳೇಲಿ ನಡ್ಕೊಂಡು ಬಂದಿದ್ದಾನಲ್ಲ. ಹೆದರಬೇಡ. ನಾಳೆ ಮೂರನೇ ತಿರುವಲ್ಲಿ ದೀಪ ಒಂದು ಸಲ ಆರಿಸಿ ಹಾಕು, ಟೀಚರಮ್ಮ ಕೊನೇವರೆಗೂ ಹಂಗೇ ಮಾಡ್ತಿದ್ರು. ಎಲ್ಲಾ ಸರಿಯಾಗಿದೆ ಅಂತ ಅವನಿಗೆ ಗೊತ್ತಾಗ್ಲಿ... ಇಲ್ದಿದ್ರೆ ಕೈ ಅಡ್ಡ ಹಾಕ್ತಾನೆ."