ಬೀರುವಿನೊಳಗಿನ ಹಾಳೆ

ನೊಣವಿನಕೆರೆ ಸ್ಟಾಪಿನಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದ ಹುಚ್ಚಣ್ಣನ ಪಕ್ಕದಲ್ಲೇ ಮಾತಿಗೆ ಮಾತು ಹತ್ತಿಕೊಂಡಿತು. ಕಾಯಿಪುಡಿ ಫ್ಯಾಕ್ಟರಿಯ ಮೇಸ್ತ್ರಿ, ಅಲ್ಲಿ ತೊಟ್ಟಿ ತೊಳೆಯುವ ಹನುಮಂತಮ್ಮನನ್ನು ಕೆಲಸಕ್ಕೆ ವಾಪಸ್ ಕರೆಯಲು ಬಂದಿದ್ದ.

“ನಾಳೆಯಿಂದ ಬಾರಮ್ಮ, ತೊಟ್ಟಿಗಳೆಲ್ಲ ಹಂಗೇ ಬಿದ್ದವೆ.”

“ತೊಳೆಯೋ ಔಷ್ದಿ ಎಂಥದು ಅಂತ ಡ್ರಮ್ಮಿನ ಜೊತೆ ಹಾಳೆ ಬಂದಿತ್ತಲ್ಲ, ಅದನ್ನ ಗೋಡೆಗೆ ಅಂಟ್ಸಿ. ಬತ್ತೀನಿ.”

“ಅದು ಇಂಗ್ಲಿಷಲ್ಲೈತೆ. ಸಾಹುಕಾರ್ರು ಬೀರುವಲ್ಲಿ ಇಟ್ಟವ್ರೆ.”

“ತೊಟ್ಟಿ ತೊಳೆಯೋದು ಬೀರುನಾ, ನಾನಾ?”

“ಬರೀ ಸೋಪಿನ ನೀರು ಕಣಮ್ಮ ಅದು.”

“ನೀವು ಅದನ್ನ ಎಣ್ಣೆ ಡಬ್ಬಕ್ಕೆ ಬಗ್ಗಿಸಿಟ್ರಿ. ಕೊಬ್ರಿ ಎಣ್ಣೆ ಅಂತ ನನ್ ಜೊತೆ ಕೆಲ್ಸ ಮಾಡೋ ಪವಿತ್ರ ತಲೆಗೆ ಹಚ್ಕೊಂಡು ಸುಟ್ಕೊಂಡ್ಲು. ‘ಅದ್ರಲ್ಲಿ ಏನೈತೆ’ ಅಂತ ಡಾಕ್ಟ್ರು ಕೇಳಿದ್ರೆ ಒಬ್ರಾದ್ರೂ ಬಾಯಿ ಬಿಟ್ರಾ?”

“ಹೇಳಿದ್ನಲ್ಲ, ಸೋಪಿನ ನೀರೇ!”

ಹನುಮಂತಮ್ಮ ಚೀಲದಿಂದ ಸಣ್ಣ ಬಾಟ್ಲಿ ತೆಗೆದು ಮುಚ್ಚಳಕ್ಕೆ ಕೈ ಹಾಕಿದಳು.

“ಡಾಕ್ಟ್ರಿಗೆ ತೋರ್ಸಕ್ಕೆ ಅದನ್ನೇ ತಗೊಂಡು ಹೋಯ್ತಾ ಇವ್ನಿ. ಸೋಪಿನ ನೀರಾದ್ರೆ ಹಿಡೀರಿ ಕೈಯ!”

ಅಷ್ಟರಲ್ಲಿ ಬಸ್ಸು ಬಂತು. ಬಾಟ್ಲಿಯನ್ನು ಚೀಲಕ್ಕೆ ಸೇರಿಸಿ ಅವಳು ಹತ್ತಿದಳು, ಹಿಂದೆಯೇ ಹುಚ್ಚಣ್ಣನೂ ಹತ್ತಿದ. ಬಸ್ಸು ಹೊರಟ ಮೇಲೆ ಅವನು ಕಿಟಕಿಯಿಂದ ಇಣುಕಿ ನೋಡಿದರೆ, ಮೇಸ್ತ್ರಿಯ ಎರಡೂ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದವು.