ಗುರುತು ಸಿಕ್ತಾ?

ಎಂಬತ್ತೆರಡರ ಮಳೆಗಾಲ. ಜಗಳೂರಿಗೆ ಮಳೆ ಬರುವುದೇ ಅಪರೂಪ. ಬಂದರೆ ಕರೆಂಟು ಹೋಗುವುದು ಖಾತ್ರಿ. ಅಂಥ ಒಂದು ಮುಸ್ಸಂಜೆ ಮುದುಕಿ ಸಾವಂತ್ರಮ್ಮನ ಪಡಸಾಲೆಯಲ್ಲಿ ಬೀದಿಯ ಹೆಂಗಸರೆಲ್ಲ ಲಾಟೀನು ಹಚ್ಚಿಕೊಂಡು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದರು. ಮುದುಕಿಯ ಬಾಯಿ ಎಂಥದೆಂದು ಗೊತ್ತಿದ್ದವರು ದೂರ ಕೂತಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಪ್ರೇಮಮ್ಮನಿಗೆ, ಪಾಪ, ಗೊತ್ತಿರಲಿಲ್ಲ. ಎದುರಿಗೇ ಕೂತು, "ಒಂದು ಕತೆ ಹೇಳ್ರಿ ಅಜ್ಜಿ" ಅಂದಳು.

"ಹೇಳ್ತೀನಿ. ಆಮೇಲೆ ಯಾಕಾದ್ರೂ ಕೇಳಿದ್ನೋ ಅನ್ಬಾರ್ದು..." ಮುದುಕಿ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡಳು.

"ಚನ್ನಗಿರಿ ಕಡೆ ತಿಪ್ಪೇಶಪ್ಪ ಅಂತ ಒಬ್ಬ ಇದ್ದ. ಸಂತೇಲಿ ಎದುರಿಗೆ ಬಂದೋರ್ನೆಲ್ಲ ಹೆಸರು ಹಿಡಿದು ಮಾತಾಡ್ಸೋನು, ಅದೇ ಅವನ ದೊಡ್ಡಸ್ತಿಕೆ. ವಯಸ್ಸಾತು ನೋಡು, ಮುಖ ಕಂಡ್ರೆ ಹೆಸರು ಬರಲ್ಲ, ಹೆಸರು ಕೇಳಿದ್ರೆ ಮುಖ ಬರಲ್ಲ... ಗೊತ್ತಾಗ್ಲಿಲ್ಲ ಅಂತ ಒಪ್ಕಂಡ್ರೆ ಮರ್ಯಾದಿ ಹೋಗ್ತತಲ್ಲ? ಒಂದು ಸಾಯಂಕಾಲ ಕಂಬಳಿ ಹೊದ್ದೋನೊಬ್ಬ ಬಾಗ್ಲಾಗೆ ನಿಂತು, ಗುರುತು ಸಿಕ್ತಾ ತಿಪ್ಪೇಶಪ್ಪ, ನಾನ್ಯಾರು ಹೇಳು ನೋಡಾನ, ಅಂದ. ಸಿಗ್ದೆ ಏನು, ನ್ಯಾಮತಿ ಚಿಕ್ಕಹನುಮಂತಪ್ಪ ಅಲ್ವಾ, ಅಂತ ಇವನು ಬಾಯಿಗೆ ಬಂದಿದ್ದು ಹೇಳ್ದ. ಬಂದೋನು ನಕ್ಕ, ನೀರು ಕುಡ್ದ, ಹೋದ. ಬೆಳಗಾಗೋದ್ರಾಗೆ ಸುದ್ದಿ ಬಂತು... ಚಿಕ್ಕಹನುಮಂತಪ್ಪ ಸತ್ತ ಅಂತ. ಮತ್ತೊಂದು ಸಲ ಬಂದಾಗ ಹೊನ್ನಾಳಿ ಬೀಗರ ಹೆಸರು ಹೇಳ್ದ. ಬೀಗರೂ ಹೋದ್ರು. ಆ ದೆವ್ವಕ್ಕೆ ತನ್ನ ಹೆಸರೇ ಮರ್ತೋಗಿತ್ತು ಕಣವ್ವ, ಯಾರ ಹೆಸರು ಕೊಟ್ರೆ ಅವರ ಜೀವ ಕಿತ್ಕಂಡು ಹೋಗೋದು.

"ತಿಪ್ಪೇಶಪ್ಪಂಗೂ ಇದು ತಿಳೀತು. ಇರೋನು ಒಬ್ನೇ ಮಗ... ಸುಮ್ಮನಿದ್ರೆ ದೆವ್ವ ಹೊಸ್ಲು ಬಿಟ್ಟು ಕದಲಲ್ಲ. ಸತ್ತೋರ ಹೆಸರು ಹೇಳಿದ್ರಾತು, ಸತ್ತೋರು ಮತ್ತೆ ಸಾಯ್ತಾರಾ, ಅಂತ ಲೆಕ್ಕ ಹಾಕ್ದ. ಆದ್ರೆ ಯಾರು ಸತ್ತಿದಾರೆ, ಯಾರು ಬದುಕಿದಾರೆ, ಅದೂ ನೆನಪಿರಬೇಕಲ್ಲ? ಹೆತ್ತಪ್ಪ ಸತ್ತಿರೋದೊಂದು ಗಟ್ಟಿ ನೆನಪಿತ್ತು, ತಾನೇ ಮಣ್ಣು ಹಾಕಿದ್ದ. ದೆವ್ವ ಬಂದು ನಿಂತ್ಕಂಡಾಗ, ನೀನು ಹಾಲಸ್ವಾಮಿ, ಅಂದುಬಿಟ್ಟ."

ಮುದುಕಿ ಸುಲಿಯುವುದನ್ನು ನಿಲ್ಲಿಸಿದಳು.

"ಒಳಗಿದ್ದ ಹೆಂಡ್ತಿ ಕಲ್ಲಮ್ಮ ಕಿಟಾರಂತ ಕಿರುಚಿದ್ಲು. ಅಜ್ಜನ ಹೆಸರೇ ಮೊಮ್ಮಗಂಗೆ ಇಟ್ಟಿದ್ರು. ಮಾವನ ಹೆಸರು ಸೊಸೆ ಹೇಳ್ತಾಳಾ? ಅದಕ್ಕೆ ಹುಟ್ಟಿದಾಗ್ಲಿಂದ ಮನೆಮಂದಿಯೆಲ್ಲ ಅವನ್ನ ತಮ್ಮ, ತಮ್ಮ ಅಂತ್ಲೇ ಕರ್ದಿದ್ರು. ಅಪ್ಪಂಗೆ ಮಗನ ಹೆಸರು ಹೆಂಗೆ ನೆನಪಿರ್ಬೇಕು... ಹಿತ್ಲಾಗೆ ಹಸ ಕಟ್ತಿದ್ದ ಮಗ ನಿಂತಲ್ಲೇ ಬಿದ್ದ. ಮಣ್ಣು ಮಾಡಿ ಬಂದ ಮಾರನೇ ದಿನ ತಿಪ್ಪೇಶಪ್ಪ ಅದನ್ನೂ ಮರ್ತ. ಊಟಕ್ಕೆ ಕೂತಾಗೆಲ್ಲ, ತಮ್ಮ ಬಂದ್ನಾ, ಅನ್ನೋನು. ನೀವೇ ಕೊಂದ್ರಲ್ಲ, ಅಂತ ಕಲ್ಲಮ್ಮ ದಿನಾ ಹೇಳೋಳು. ದಿನಾ ಅವನು ಆಗ ತಾನೇ ಕೇಳ್ದಂಗೆ ಎದೆ ಬಡ್ಕಂಡು ಅಳೋನು. ಅವಳು ನೋಡ್ತಾ ಬಡಿಸೋಳು."

ಪ್ರೇಮಮ್ಮ ಇನ್ನೂ ಹತ್ತಿರ ಸರಿದಳು. "ಆ ದೆವ್ವ ಏನಾತ್ರಿ?"

"ಏನಾಗ್ತತೆ, ತಿರುಗ್ತಾ ಐತೆ. ಇವತ್ತು ಮಧ್ಯಾಹ್ನ ಬಸ್‌ಸ್ಟ್ಯಾಂಡಾಗೆ ಒಬ್ಬ ಬಂದು, ಗುರುತು ಸಿಕ್ತಾ ಅಜ್ಜಿ, ಅಂದ. ನನಗೂ ವಯಸ್ಸಾತಲ್ಲ... ನಮ್ಮ ಬೀದೀದೇ ಯಾವುದೋ ಹುಡುಗನ ಹೆಸರು ಹೇಳಿಬಿಟ್ಟೆ. ಯಾರದ್ದು ಅಂತ ಎಷ್ಟು ತಿಣುಕಿದ್ರೂ ಈಗ ನೆನಪಿಗೆ ಬರ್ತಿಲ್ಲ." ಮುದುಕಿ ಮುಂದಕ್ಕೆ ಬಾಗಿದಳು. "ನಾಚ್ಕಬ್ಯಾಡ ಪ್ರೇಮವ್ವ, ನಿನ್ನ ಗಂಡನ ಹೆಸರೇನು ಹೇಳು... ಅದೇನಾ ನೋಡಾನ."